ಅನಾನಸಿನ ನೆಂಟರು: ಬ್ರೊಮೀಲಿಯಾಡ್ ಗಿಡಗಳನ್ನು ಮನೆಯಲ್ಲೇ ಹೆಚ್ಚಿಸುವ ಕ್ರಮ

ತೋಟದ ಮನೆಗಳ ಅಂಗಳದಲ್ಲಿ ಹೂಗಿಡ ಬೆಳೆಸುವುದು ನಮ್ಮಲ್ಲಿ ಹೊಸತೇನಲ್ಲ. ಡೇಲಿಯ, ಆಂಥೂರಿಯಂ, ಆರ್ಕಿಡ್‌ಗಳ ಸಾಲಿಗೆ ಈಚಿನ ವರ್ಷಗಳಲ್ಲಿ ಬ್ರೊಮೀಲಿಯಾಡ್ ಎಂಬ ಗಿಡಗಳೂ ಸೇರಿಕೊಂಡಿವೆ. ನಡುವೆ ನೀರು ನಿಲ್ಲುವ ಬಟ್ಟಲಿನಂಥ ಎಲೆಸುತ್ತು, ಅದರಿಂದ ಮೇಲೆದ್ದ ಕೆಂಪು, ಹಳದಿ ಅಥವಾ ಗುಲಾಬಿ ಬಣ್ಣದ ಹೂಗೊಂಚಲು, ಇವನ್ನು ಕಂಡು ಮೆಚ್ಚಿ ನರ್ಸರಿಯಿಂದ ತಂದವರು ಅನೇಕರು. ಕೆಲವು ತಿಂಗಳು ಗೊಂಚಲು ಬಣ್ಣಗೆಡದೆ ನಿಲ್ಲುತ್ತದೆ. ಆಮೇಲೆ ಅದು ಒಣಗುತ್ತದೆ, ಹಿಂದಿನಿಂದಲೇ ಎಲೆಗಳೂ ಮಂಕಾಗುತ್ತವೆ. ಆರೈಕೆಯಲ್ಲಿ ಏನೋ ಕೊರತೆಯಾಯಿತೆಂದು ಮನೆಯವರು ಬೇಸರಪಟ್ಟು ಗಿಡವನ್ನು ಗೊಬ್ಬರದ ಗುಂಡಿಗೆ ಹಾಕುತ್ತಾರೆ. ಮುಂದಿನ ವರ್ಷ ಮತ್ತೆ ದುಡ್ಡು ಕೊಟ್ಟು ಇನ್ನೊಂದನ್ನು ತರುತ್ತಾರೆ.

ಇದು ಅನಾವಶ್ಯಕವಾದ ನಷ್ಟ. ಎಸೆಯುವ ಹೊತ್ತಿಗೆ ಆ ಗಿಡದ ಬುಡದಲ್ಲಿ ಮುಂದಿನ ಪೀಳಿಗೆ ಮೊಳೆಯುತ್ತಿರುತ್ತದೆ. ಒಣಗುತ್ತಿರುವ ತಾಯಿಗಿಡವನ್ನು ಇನ್ನೊಂದು ವರ್ಷ ತಾಳ್ಮೆಯಿಂದ ಉಳಿಸಿಕೊಂಡರೆ ಒಂದು ಗಿಡದಿಂದ ಎರಡು, ಮೂರು, ಕೆಲವು ಜಾತಿಗಳಲ್ಲಿ ಇನ್ನೂ ಹೆಚ್ಚು ಗಿಡಗಳು ದೊರೆಯುತ್ತವೆ. ಅದರ ಕ್ರಮವನ್ನೂ, ನಮ್ಮ ಕಾಫಿ, ಅಡಿಕೆ ತೋಟಗಳ ಪರಿಸರದಲ್ಲಿ ಗಮನಿಸಬೇಕಾದ ಎರಡು ಮುಖ್ಯ ಎಚ್ಚರಿಕೆಗಳನ್ನೂ ಈ ಲೇಖನದಲ್ಲಿ ತಿಳಿಸುತ್ತೇವೆ.

ನಮಗೆ ಗೊತ್ತಿರುವ ಕುಟುಂಬ

ಬ್ರೊಮೀಲಿಯಾಡ್ ಎಂಬ ಹೆಸರು ಹೊಸದಾಗಿ ಕೇಳಿಸಿದರೂ ಈ ಕುಟುಂಬದ ಒಬ್ಬ ಸದಸ್ಯ ನಮಗೆಲ್ಲ ಹಳೆಯ ಪರಿಚಯದವನೇ. ಅವನೇ ಅನಾನಸು. ಸ್ವೀಡನ್ನಿನ ವೈದ್ಯ ಹಾಗೂ ಸಸ್ಯಶಾಸ್ತ್ರಜ್ಞ ಊಲೋಫ್ ಬ್ರೊಮೀಲಿಯಸ್‌ನ ಗೌರವಾರ್ಥ ಈ ಕುಟುಂಬಕ್ಕೆ ಹೆಸರು ಬಂದಿದೆ. ಇದರಲ್ಲಿ 3000ಕ್ಕೂ ಹೆಚ್ಚು ಪ್ರಭೇದಗಳಿವೆ. ಪಶ್ಚಿಮ ಆಫ್ರಿಕದ ಒಂದೇ ಒಂದು ಪ್ರಭೇದವನ್ನು ಬಿಟ್ಟರೆ ಉಳಿದೆಲ್ಲದರ ತವರು ಅಮೆರಿಕ ಖಂಡಗಳು. 1493ರಲ್ಲಿ ತನ್ನ ಎರಡನೆಯ ಯಾನದಲ್ಲಿ ಕೊಲಂಬಸ್ ಗ್ವಾಡಲೂಪ್ ದ್ವೀಪದಲ್ಲಿ ಅನಾನಸನ್ನು ಕಂಡ. ಮುಂದಿನ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಭಾರತಕ್ಕೆ ತಂದರು. ಬನವಾಸಿ, ಶಿರಸಿ, ಸೊರಬದ ಕಡೆಯ ಬೆಳೆಗಾರರಿಗೆ ಇಂದು ಅದು ಹೊರಗಿನ ಬೆಳೆಯೆಂದು ಅನಿಸುವುದೂ ಇಲ್ಲ.

ಕುಟುಂಬದ ಉಳಿದವರಲ್ಲಿ ಅಲಂಕಾರಕ್ಕಾಗಿ ಬೆಳೆಸುವ ಮುಖ್ಯ ಜಾತಿಗಳು ಗುಜ್ಮೇನಿಯ, ವ್ರೀಸಿಯ, ಎಕ್ಮಿಯ, ನಿಯೋರೆಜೀಲಿಯ, ಬಿಲ್ಬರ್ಜಿಯ, ಕ್ರಿಪ್ಟಾಂಥಸ್ ಮತ್ತು ಟಿಲಾಂಡ್ಸಿಯ. ಇವುಗಳಲ್ಲಿ ಅನೇಕವು ತವರಿನಲ್ಲಿ ಮರಗಳ ಮೇಲೆ ಬೆಳೆಯುತ್ತವೆ. ಮರದ ಮೇಲೆ ಬೆಳೆಯುವುದೆಂದ ಕೂಡಲೇ ಬೆಳೆಗಾರರಿಗೆ ಬಂದಳಿಕೆಯ ನೆನಪಾಗುವುದು ಸಹಜ. ಆದರೆ ಇವು ಬಂದಳಿಕೆಯಂತೆ ಮರದ ರಸವನ್ನು ಹೀರುವುದಿಲ್ಲ. ನಮ್ಮ ಕಾಡಿನ ಸೀತಾಳೆ ದಂಡೆಯಂತೆ ಮರವನ್ನು ಬರಿಯ ಆಸರೆಗಾಗಿ ಹಿಡಿದುಕೊಳ್ಳುತ್ತವೆ.

ಗಿಡದ ರಚನೆ

ಹೆಚ್ಚಿಸುವ ಕ್ರಮವನ್ನು ಅರಿಯುವ ಮುನ್ನ ಗಿಡದ ರಚನೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು. ಬಹುತೇಕ ಅಲಂಕಾರದ ಜಾತಿಗಳಲ್ಲಿ ಎಲೆಗಳ ಬುಡಗಳು ಒಂದರೊಡನೊಂದು ಬಿಗಿಯಾಗಿ ಹೆಣೆದುಕೊಂಡು ಬಟ್ಟಲಾಗುತ್ತವೆ. ಮಳೆನೀರು, ಉದುರಿದ ಎಲೆ, ಧೂಳು ಎಲ್ಲವೂ ಈ ಬಟ್ಟಲಿನಲ್ಲಿ ಸಂಗ್ರಹವಾಗುತ್ತವೆ. ಎಲೆಯ ಮೇಲಿರುವ ಅತಿ ಸಣ್ಣ ಹುರುಪೆಗಳು ಈ ನೀರನ್ನೂ ಅದರಲ್ಲಿ ಕರಗಿದ ಪೋಷಕಾಂಶಗಳನ್ನೂ ಹೀರಿಕೊಳ್ಳುತ್ತವೆ. ಹೀಗಾಗಿ ಅಡಿಕೆ, ಕಾಫಿ ಗಿಡಗಳಿಗೆ ಬೇರು ಮಾಡುವ ಕೆಲಸದ ದೊಡ್ಡ ಪಾಲನ್ನು ಇಲ್ಲಿ ಎಲೆಯೇ ಮಾಡುತ್ತದೆ. ಬೇರಿನ ಮುಖ್ಯ ಕೆಲಸ ಗಿಡವನ್ನು ಹಿಡಿದು ನಿಲ್ಲಿಸುವುದು.

ಈ ಒಂದು ಸಂಗತಿಯಿಂದ ಎರಡು ಪಾಠಗಳು ಹೊರಡುತ್ತವೆ. ಮೊದಲನೆಯದು, ಬೇರಿಲ್ಲದ ಮರಿಯನ್ನೂ ಬೇರ್ಪಡಿಸಿ ಬದುಕಿಸಬಹುದು. ಎರಡನೆಯದು, ಮಣ್ಣನ್ನು ಸದಾ ಒದ್ದೆಯಾಗಿಟ್ಟರೆ ಲಾಭವಿಲ್ಲ, ಬುಡ ಕೊಳೆಯುತ್ತದೆ.

ಒಂದು ಗಿಡ, ಒಂದೇ ಹೂ

ಬಾಳೆ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಬಾಳೆ ಒಂದೇ ಗೊನೆ ಹಾಕುತ್ತದೆ, ಆಮೇಲೆ ಅದರ ಕಂದುಗಳು ಬುಡವನ್ನು ಮುಂದುವರಿಸುತ್ತವೆ. ಬ್ರೊಮೀಲಿಯಾಡ್‌ಗಳಲ್ಲೂ ಸಾಮಾನ್ಯವಾಗಿ ಹೀಗೆಯೇ. ಬೆಳವಣಿಗೆಯ ತುದಿಯೇ ಹೂಗೊಂಚಲಾಗಿ ಮಾರ್ಪಡುವುದರಿಂದ ಆ ಎಲೆಸುತ್ತಿನಿಂದ ಮತ್ತೆ ಹೊಸ ಎಲೆಯಾಗಲಿ ಹೂವಾಗಲಿ ಬರುವುದಿಲ್ಲ. ಎಷ್ಟೇ ಗೊಬ್ಬರ ಹಾಕಿದರೂ ಅದು ಎರಡನೆಯ ಬಾರಿ ಹೂ ಬಿಡದು. ಆದ್ದರಿಂದ ಹೂವಿನ ನಂತರ ಗಿಡ ಸೊರಗುವುದು ರೋಗವೂ ಅಲ್ಲ, ಆರೈಕೆಯ ದೋಷವೂ ಅಲ್ಲ.

ಆದರೆ ಬಾಳೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಗೊನೆ ಕಡಿದ ಬಾಳೆಯನ್ನು ನಾವು ಕಡಿದು ಮಲಗಿಸುತ್ತೇವೆ. ಇಲ್ಲಿ ಹಾಗೆ ಮಾಡಬಾರದು. ಹೂ ಮುಗಿದ ತಾಯಿಗಿಡ ಇನ್ನೂ ಒಂದು ವರ್ಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲ ಹಸಿರಾಗಿದ್ದು ತನ್ನ ಎಲೆಗಳಲ್ಲಿ ಕೂಡಿಟ್ಟ ಆಹಾರವನ್ನು ಮರಿಗಳಿಗೆ ಕೊಡುತ್ತದೆ. ಒಣಗಿದ ಹೂದಂಟನ್ನು ಮಾತ್ರ ಸಾಧ್ಯವಾದಷ್ಟು ಕೆಳಗೆ ಕತ್ತರಿಸಿ ತೆಗೆಯಬೇಕು. ಹಸಿರೆಲೆಗಳನ್ನು ಮುಟ್ಟಬಾರದು.

ಮೊದಲ ಅಭ್ಯಾಸ ಅನಾನಸಿನಲ್ಲಿ

ದುಡ್ಡು ಕೊಟ್ಟು ತಂದ ಗಿಡದ ಮೇಲೆ ಚಾಕು ಹಾಕಲು ಅಂಜುವವರು ಮೊದಲು ಅನಾನಸಿನಲ್ಲಿ ಕೈ ಪಳಗಿಸಿಕೊಳ್ಳಬಹುದು. ಅದರಲ್ಲಿ ಮೂರು ಬಗೆಯ ನಾಟಿ ಸಾಮಗ್ರಿ ದೊರೆಯುತ್ತದೆ. ಕಾಂಡದ ಎಲೆಕಂಕುಳಿನಿಂದ ಅಥವಾ ಬುಡದಿಂದ ಹೊರಡುವ ಕಂದು, ಹಣ್ಣಿನ ಕೆಳಗೆ ತೊಟ್ಟಿನ ಮೇಲೆ ಮೂಡುವ ಸಣ್ಣ ಮರಿ, ಮತ್ತು ಹಣ್ಣಿನ ನೆತ್ತಿಯ ಜುಟ್ಟು. ಇವುಗಳಲ್ಲಿ ಕಂದು ಮತ್ತು ತೊಟ್ಟಿನ ಮರಿ ಬೇಗ ಫಲಕ್ಕೆ ಬರುತ್ತವೆ. ಜುಟ್ಟಿನಿಂದ ಬೆಳೆದ ಗಿಡ ಇವುಗಳಿಗಿಂತ ಅನೇಕ ತಿಂಗಳು ತಡ. ತೋಟದಲ್ಲಿ ಸಾಲು ನಾಟಿಗೆ ಕಂದುಗಳನ್ನೇ ಆರಿಸುವುದು ಇದೇ ಕಾರಣಕ್ಕೆ. ಅವುಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ, ಒಂದೇ ಗಾತ್ರದವನ್ನು ಒಂದು ಕಡೆ ನೆಟ್ಟರೆ ಹೂವೂ ಹಣ್ಣೂ ಹೆಚ್ಚು ಕಡಿಮೆ ಒಟ್ಟಿಗೇ ಬರುತ್ತವೆ.

ಜುಟ್ಟನ್ನು ನೆಡುವುದಾದರೆ ಹಣ್ಣಿನಿಂದ ತಿರುಚಿ ತೆಗೆದು, ಅಂಟಿಕೊಂಡ ತಿರುಳನ್ನೆಲ್ಲ ಬಿಡಿಸಿ, ಕೆಳಗಿನ ಕೆಲವು ಸಣ್ಣ ಎಲೆಗಳನ್ನು ಕಿತ್ತು, ಒಂದು ವಾರ ನೆರಳಿನಲ್ಲಿ ಒಣಗಲು ಬಿಡಬೇಕು. ಕಿತ್ತ ಎಲೆಗಳ ಜಾಗದಲ್ಲಿ ಬೇರಿನ ಮೊಳಕೆಗಳು ಕಂದು ಬಣ್ಣದ ಚುಕ್ಕೆಗಳಾಗಿ ಕಾಣಿಸುತ್ತವೆ. ಒಣಗಿಸದೆ ಹಸಿಯಾಗಿಯೇ ನೆಟ್ಟ ಜುಟ್ಟು ಕೊಳೆಯುವ ಸಂಭವ ಹೆಚ್ಚು. ಬೇರ್ಪಡಿಸು, ಗಾಯ ಒಣಗಿಸು, ಮೇಲುಮೇಲೆ ನೆಡು ಎಂಬ ಈ ಮೂರು ಹಂತಗಳೇ ಉಳಿದ ಬ್ರೊಮೀಲಿಯಾಡ್‌ಗಳಿಗೂ ಅನ್ವಯಿಸುತ್ತವೆ.

ಮರಿಯನ್ನು ಯಾವಾಗ ಬೇರ್ಪಡಿಸಬೇಕು

ಈ ವಿಷಯದಲ್ಲಿ ಅವಸರವೇ ಮುಖ್ಯ ಶತ್ರು. ಮರಿ ತಾಯಿಗಿಡದ ಎತ್ತರದ ಮೂರನೆಯ ಒಂದು ಭಾಗದಷ್ಟಾದರೂ ಆಗಿರಬೇಕು, ಅರ್ಧದಷ್ಟಾದರೆ ಇನ್ನೂ ಕ್ಷೇಮ. ಆ ಹೊತ್ತಿಗೆ ಅದಕ್ಕೆ ತನ್ನದೇ ಆದ ಪುಟ್ಟ ಬಟ್ಟಲು ಮೂಡಿರುತ್ತದೆ, ಬುಡ ಗಟ್ಟಿಯಾಗಿರುತ್ತದೆ. ನಾಲ್ಕು ಎಲೆಯ ಎಳೆ ಮರಿಯನ್ನು ತೆಗೆದರೆ ಅದರ ಬುಡ ಮೆತ್ತಗಿದ್ದು ಕೊಳೆಯುತ್ತದೆ. ಉಳಿದುಕೊಂಡರೂ ಬೆಳೆಯಲು ವರ್ಷಗಳು ಹಿಡಿಯುತ್ತವೆ.

ಹೆಚ್ಚು ಗಿಡ ಬೇಕೋ, ಬೇಗ ಹೂ ಬೇಕೋ ಎಂಬುದನ್ನೂ ಇಲ್ಲಿ ತೀರ್ಮಾನಿಸಿಕೊಳ್ಳಬೇಕು. ಹದಕ್ಕೆ ಬಂದ ಮರಿಯನ್ನು ತೆಗೆದ ಮೇಲೆ ತಾಯಿಗಿಡದಲ್ಲಿ ಸುಪ್ತವಾಗಿದ್ದ ಇನ್ನೊಂದು ಮೊಗ್ಗು ಹಲವು ವೇಳೆ ಎಚ್ಚೆತ್ತು ಹೊಸ ಮರಿ ಬರುತ್ತದೆ. ಆದ್ದರಿಂದ ಸಂಖ್ಯೆ ಬೇಕಾದವರು ಹದ ಕಂಡೊಡನೆ ಬೇರ್ಪಡಿಸಬೇಕು. ಮರಿಯನ್ನು ತಾಯಿಯ ಬಳಿಯೇ ಬಿಟ್ಟರೆ ಅದು ಬೇಗ ಬೆಳೆದು ಬೇಗ ಹೂ ಬಿಡುತ್ತದೆ, ಆದರೆ ಗಿಡಗಳ ಸಂಖ್ಯೆ ಕಡಿಮೆ. ಅಂಗಳದಲ್ಲಿ ಒಂದು ದೊಡ್ಡ ಪೊದೆ ಚೆಂದ ಕಾಣಬೇಕೆನ್ನುವವರು ಬೇರ್ಪಡಿಸದೆ ಬಿಡುವುದೂ ಸರಿಯೇ.

ಋತುವಿನ ವಿಚಾರಕ್ಕೆ ಬಂದರೆ, ನಮ್ಮ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಬಿಡದೆ ಸುರಿಯುವ ಮಳೆಯಲ್ಲಿ ಗಾಯ ಒಣಗುವುದಿಲ್ಲ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬೇರು ಬಿಡುವುದು ನಿಧಾನ. ಆದ್ದರಿಂದ ಮಳೆ ಹಿಡಿತಕ್ಕೆ ಬಂದ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲವರೆಗೆ, ಅಥವಾ ಚಳಿ ಕಳೆದ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಈ ಕೆಲಸಕ್ಕೆ ಯೋಗ್ಯ ಕಾಲ. ಬೇಸಗೆಯಲ್ಲಿ ಬೇರ್ಪಡಿಸಿದ ಮರಿಗಳಿಗೆ ಒಳ್ಳೆಯ ನೆರಳು ಇರಲೇಬೇಕು.

ಬೇರ್ಪಡಿಸುವ ಕ್ರಮ

1. ಗಿಡವನ್ನು ಕುಂಡದಿಂದ ಹೊರತೆಗೆದು ಬುಡದ ಮಿಶ್ರಣವನ್ನು ಉದುರಿಸಿರಿ. ಆಗ ಮರಿ ಎಲ್ಲಿ ಅಂಟಿಕೊಂಡಿದೆಯೆಂಬುದು ಸ್ಪಷ್ಟವಾಗಿ ಕಾಣುತ್ತದೆ. ಮುಳ್ಳಂಚಿನ ಜಾತಿಗಳಾದರೆ ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳುವುದನ್ನು ಮರೆಯಬಾರದು.

2. ಬಟ್ಟಲಿನ ನೀರನ್ನು ಮೊದಲೇ ಚೆಲ್ಲಿರಿ. ಇಲ್ಲವಾದರೆ ಕತ್ತರಿಸುವಾಗ ಆ ಕೊಳೆನೀರು ಹಸಿ ಗಾಯದ ಮೇಲೆ ಬೀಳುತ್ತದೆ.

3. ಹರಿತವಾದ ಚಾಕು ಅಥವಾ ಸಣ್ಣ ಗರಗಸವನ್ನು ಸ್ಪಿರಿಟ್‌ನಿಂದ ಒರೆಸಿಕೊಳ್ಳಿರಿ. ತಾಯಿಯ ಕಾಂಡಕ್ಕೆ ಆದಷ್ಟು ಹತ್ತಿರದಲ್ಲಿ ಕತ್ತರಿಸಿರಿ. ಮರಿಯ ಬುಡದ ಗಟ್ಟಿಯಾದ, ಕಟ್ಟಿಗೆಯಂಥ ಭಾಗ ಮರಿಯೊಡನೆಯೇ ಬರಬೇಕು. ಬೇರು ಹೊರಡುವುದು ಅಲ್ಲಿಂದಲೇ. ಅದನ್ನು ಬಿಟ್ಟು ಮೇಲೆ ಕೊಯ್ದರೆ ಎಲೆಗಳು ಬಿಡಿಬಿಡಿಯಾಗಿ ಕೈಗೆ ಬರುತ್ತವೆ, ಮರಿ ದಕ್ಕುವುದಿಲ್ಲ.

4. ಮರಿಯ ಬುಡದ ಒಣಗಿದ ಎಲೆಗಳನ್ನು ತೆಗೆದು, ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ದಿನ ಇಡಿರಿ. ಗಾಯದ ಮೇಲೆ ಒಣಪದರ ಕಟ್ಟಿದ ಮೇಲೆ ನೆಡಬಹುದು.

5. ಬುಡ ಮಾತ್ರ ಮಿಶ್ರಣದೊಳಗೆ ಹೋಗುವಂತೆ ಒಂದರಿಂದ ಒಂದೂವರೆ ಅಂಗುಲ ಆಳಕ್ಕೆ ನೆಡಿರಿ. ಎಲೆಗಳ ಬುಡ ಹೂತುಹೋಗುವಷ್ಟು ಆಳಕ್ಕೆ ಇಳಿಸಿದರೆ ಕೊಳೆ ಖಂಡಿತ. ಹಾಗೆ ಮೇಲುಮೇಲೆ ನೆಟ್ಟ ಮರಿ ಗಾಳಿಗೆ ಓಲಾಡುತ್ತದೆ, ಅಲುಗಿದರೆ ಎಳೆ ಬೇರು ಮುರಿಯುತ್ತದೆ. ಆದ್ದರಿಂದ ಎರಡು ಬಿದಿರು ಕಡ್ಡಿ ಊರಿ ಬಾಳೆನಾರಿನಿಂದ ಸಡಿಲವಾಗಿ ಕಟ್ಟಿರಿ.

6. ನಾಲ್ಕರಿಂದ ಆರು ವಾರಗಳಲ್ಲಿ ಸಾಮಾನ್ಯವಾಗಿ ಬೇರು ಇಳಿಯುತ್ತದೆ. ಮೆಲ್ಲನೆ ಎಳೆದಾಗ ಗಿಡ ಬಿಗಿಯಾಗಿದ್ದರೆ ಬೇರು ಹಿಡಿದಿದೆಯೆಂದು ತಿಳಿಯಬೇಕು. ದಿನಕ್ಕೊಮ್ಮೆ ಕಿತ್ತು ನೋಡುವ ಅಭ್ಯಾಸ ಒಳ್ಳೆಯದಲ್ಲ.

ತಾಯಿಗಿಡವನ್ನು ಮತ್ತೆ ಅದೇ ಕುಂಡದಲ್ಲಿ ನೆಟ್ಟು ಎಂದಿನಂತೆ ನೋಡಿಕೊಳ್ಳಿರಿ. ಅದರ ಎಲೆಗಳು ಪೂರ್ತಿ ಒಣಗುವವರೆಗೂ ಇನ್ನೊಂದು ಮರಿಯ ಆಸೆ ಇಟ್ಟುಕೊಳ್ಳಬಹುದು.

ಕುಂಡದ ಮಿಶ್ರಣ

ನೀರು ಹಾಕಿದೊಡನೆ ಬಸಿದುಹೋಗುವ, ಸಡಿಲವಾದ ಮಿಶ್ರಣ ಬೇಕು. ತೋಟದ ಜಿಗುಟು ಮಣ್ಣು ಇದಕ್ಕೆ ಬಾರದು. ಎರಡು ಪಾಲು ತೆಂಗಿನ ಮಟ್ಟೆಯ ಸಣ್ಣ ತುಂಡು, ಒಂದು ಪಾಲು ಇದ್ದಿಲ ಚೂರು, ಒಂದು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ ಬೆರೆಸಿದರೆ ಸಾಕು. ಮಟ್ಟೆಯ ತುಂಡುಗಳನ್ನು ಕೆಲವು ದಿನ ನೀರಿನಲ್ಲಿ ನೆನೆಸಿ, ಕೆಂಪು ನೀರನ್ನು ಎರಡು ಮೂರು ಸಲ ಚೆಲ್ಲಿ ಆಮೇಲೆ ಬಳಸಬೇಕು. ಅಡಿಕೆ ಸಿಪ್ಪೆ, ಕಾಫಿ ಸಿಪ್ಪೆ ನಮ್ಮಲ್ಲಿ ಧಾರಾಳವಾಗಿದ್ದರೂ ಹಸಿಯಾಗಿ ಬಳಸಬಾರದು. ಕಳಿಯುವಾಗ ಅವು ಬಿಸಿಯಾಗುತ್ತವೆ, ಕುಂಡದೊಳಗೆ ಕುಸಿದು ಗಾಳಿಯಾಡದಂತೆ ಮಾಡುತ್ತವೆ. ಪೂರ್ತಿ ಗೊಬ್ಬರವಾದ ಮೇಲೆ ಎಲೆಗೊಬ್ಬರದ ಬದಲು ಸ್ವಲ್ಪ ಸೇರಿಸಬಹುದು. ಸುಣ್ಣವನ್ನು ಮಿಶ್ರಣಕ್ಕೆ ಸೇರಿಸಬಾರದು, ಇವು ತುಸು ಹುಳಿಗುಣದ ಮಿಶ್ರಣವನ್ನು ಬಯಸುವ ಗಿಡಗಳು.

ಕುಂಡ ದೊಡ್ಡದಿದ್ದಷ್ಟೂ ಒಳ್ಳೆಯದೆಂಬ ಭಾವನೆ ಇಲ್ಲಿ ತಪ್ಪು. ಮರಿಗೆ ನಾಲ್ಕು ಅಂಗುಲದ ಕುಂಡ, ಬೆಳೆದ ಗಿಡಕ್ಕೆ ಆರು ಅಂಗುಲದ ಕುಂಡ ಸಾಕಾಗುತ್ತದೆ. ತಳದಲ್ಲಿ ಹಂಚಿನ ಚೂರು ಹಾಕಿದರೆ ತೂತು ಕಟ್ಟಿಕೊಳ್ಳದು, ಕುಂಡಕ್ಕೆ ಭಾರವೂ ಬರುತ್ತದೆ.

ಜಾತಿಗೆ ತಕ್ಕ ರೀತಿ

ಎಲ್ಲ ಜಾತಿಗಳಲ್ಲೂ ಮರಿ ಒಂದೇ ಜಾಗದಲ್ಲಿ ಹುಟ್ಟುವುದಿಲ್ಲ. ಆದ್ದರಿಂದ ಚಾಕು ಹಿಡಿಯುವ ಮೊದಲು ಗಿಡವನ್ನು ಚೆನ್ನಾಗಿ ನೋಡಬೇಕು.

ಬಿಲ್ಬರ್ಜಿಯ ಎಲ್ಲಕ್ಕಿಂತ ಸುಲಭ. ಬುಡದಲ್ಲಿ ಗುಂಪಾಗಿ ಮರಿ ಹಾಕುತ್ತದೆ. ಹೊಸಬರು ಇದರಿಂದ ಆರಂಭಿಸುವುದು ಉತ್ತಮ. ಎಕ್ಮಿಯದಲ್ಲಿ ಬೂದಿ ಬಳಿದಂತೆ ಬೆಳ್ಳಿಯ ಪಟ್ಟೆಯ ಎಲೆ ಮತ್ತು ಗುಲಾಬಿ ಗೊಂಚಲು ಇರುವ ಜಾತಿ ಹೆಚ್ಚು ಪ್ರಚಾರದಲ್ಲಿದೆ. ಇದೂ ಬುಡದಲ್ಲಿ ಗಟ್ಟಿಮುಟ್ಟಾದ ಮರಿ ಕೊಡುತ್ತದೆ. ಎಲೆಯ ಮೇಲಿನ ಬೂದಿಯನ್ನು ಕೊಳೆಯೆಂದು ಭಾವಿಸಿ ಒರೆಸಬಾರದು, ಅದು ನೀರು ಹೀರುವ ಹುರುಪೆಗಳ ಪದರ.

ನಿಯೋರೆಜೀಲಿಯದಲ್ಲಿ ಹೂ ಬಟ್ಟಲಿನ ಒಳಗೇ ಅಡಗಿರುತ್ತದೆ. ಅದರ ಅಂದವೆಲ್ಲ ಎಲೆಯ ಬಣ್ಣದಲ್ಲಿದೆ. ಅನೇಕ ತಳಿಗಳಲ್ಲಿ ಮರಿಗಳು ಕೆಲವು ಅಂಗುಲ ಉದ್ದದ ಕಾಲಿನ ತುದಿಯಲ್ಲಿ ಹೊರಬರುತ್ತವೆ. ಆ ಕಾಲನ್ನು ತಾಯಿಯ ಕಡೆ ಕತ್ತರಿಸಿ, ಒಂದೆರಡು ಅಂಗುಲವನ್ನು ಮರಿಯೊಡನೆ ಬಿಟ್ಟರೆ ನೆಡುವಾಗ ಅದೇ ಊರುಗೋಲಾಗುತ್ತದೆ.

ಗುಜ್ಮೇನಿಯದಲ್ಲಿ ಮರಿಗಳು ಎಲೆಗಳ ನಡುವೆ ತುಸು ಮೇಲೆ ಹುಟ್ಟುವುದುಂಟು, ಸಂಖ್ಯೆಯೂ ಕಡಿಮೆ. ತಾಯಿಯ ಕೆಳಗಿನ ಎಲೆಗಳನ್ನು ಒಂದೊಂದಾಗಿ ಸೀಳಿ ತೆಗೆದು ಮರಿಯ ಬುಡವನ್ನು ಕಾಣುವಂತೆ ಮಾಡಿಕೊಂಡೇ ಕತ್ತರಿಸಬೇಕು. ಪಟ್ಟೆ ಎಲೆಯ, ಕತ್ತಿಯಂಥ ಕೆಂಪು ಗೊಂಚಲಿನ ವ್ರೀಸಿಯದಲ್ಲಿ ಹಲವು ವೇಳೆ ಒಂದೇ ಮರಿ ಹೂದಂಟಿನ ಪಕ್ಕದಲ್ಲೇ, ಗಿಡದ ನಡುವೆ ಮೇಲೇಳುತ್ತದೆ. ಅದನ್ನು ತೆಗೆಯಲು ಹೋದರೆ ಎರಡೂ ಕೆಡುತ್ತವೆ. ಹಾಗೆಯೇ ಬಿಟ್ಟು, ಒಣಗಿದ ಹಳೆಯ ಎಲೆಗಳನ್ನು ಕಾಲಕಾಲಕ್ಕೆ ಬಿಡಿಸುತ್ತಾ ಬಂದರೆ ಮರಿಯೇ ಕುಂಡದ ಗಿಡವಾಗುತ್ತದೆ.

ಕ್ರಿಪ್ಟಾಂಥಸ್ ನೆಲಕ್ಕಂಟಿದ ನಕ್ಷತ್ರದಂತಿರುವ ಪುಟ್ಟ ಗಿಡ. ಅದರ ಮರಿಗಳು ಬಲಿತಾಗ ಬೆರಳು ತಾಗಿಸಿದರೆ ತಾವೇ ಕಳಚಿ ಬರುತ್ತವೆ. ಇದಕ್ಕೆ ಬಟ್ಟಲಿಲ್ಲ. ಇದು ಬೇರಿನಿಂದಲೇ ನೀರು ಕುಡಿಯುವುದರಿಂದ ಮಿಶ್ರಣದಲ್ಲಿ ಎಲೆಗೊಬ್ಬರ ಹೆಚ್ಚಿಗೆ ಇರಲಿ. ಟಿಲಾಂಡ್ಸಿಯಗಳಿಗೆ ಕುಂಡವೇ ಬೇಡ. ಗುಂಪನ್ನು ಕೈಯಿಂದ ಬಿಡಿಸಿ ಒರಟು ತೊಗಟೆಯ ಕಟ್ಟಿಗೆಗೆ ತೆಂಗಿನ ನಾರಿನಿಂದ ಕಟ್ಟಿ ನೀರು ಚಿಮುಕಿಸುತ್ತಿದ್ದರೆ ಸಾಕು.

ನೆರಳು, ನೀರು, ಗೊಬ್ಬರ

ನೆರಳಿನ ಬಗ್ಗೆ ಕಾಫಿ ಬೆಳೆಗಾರರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕಾಫಿಗೆ ಬೇಕಾದಂಥ ಚದುರಿದ ಬೆಳಕೇ ಇವಕ್ಕೂ ಹಿತ. ಎಲೆ ಮೃದುವಾಗಿ, ಅಂಚು ನಯವಾಗಿರುವ ಗುಜ್ಮೇನಿಯ, ವ್ರೀಸಿಯಗಳಿಗೆ ನೆರಳು ಹೆಚ್ಚು. ಎಲೆ ದಪ್ಪಗಿದ್ದು ಅಂಚಿನಲ್ಲಿ ಮುಳ್ಳಿರುವ ಜಾತಿಗಳು ಬೆಳಗಿನ ಬಿಸಿಲನ್ನು ತಾಳುತ್ತವೆ. ನಿಯೋರೆಜೀಲಿಯವನ್ನು ದಟ್ಟ ನೆರಳಿನಲ್ಲಿಟ್ಟರೆ ಬಣ್ಣ ಹೋಗಿ ಬರಿಯ ಹಸಿರಾಗುತ್ತದೆ.

ಮಳೆನೀರು ಎಲ್ಲಕ್ಕಿಂತ ಉತ್ತಮ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಸುಣ್ಣದಂಶ ಎಲೆಯ ಮೇಲೆ ಬಿಳಿಯ ಕಲೆಯಾಗಿ ಕೂರುತ್ತದೆ. ಗೊಬ್ಬರವನ್ನು ಬಹಳ ತೆಳುವಾಗಿ, ಡಬ್ಬದ ಮೇಲೆ ಸೂಚಿಸಿದ ಪ್ರಮಾಣದ ಕಾಲು ಭಾಗದಷ್ಟನ್ನು ನೀರಿನಲ್ಲಿ ಕರಗಿಸಿ ತಿಂಗಳಿಗೊಮ್ಮೆ ಬುಡಕ್ಕೆ ಕೊಟ್ಟರೆ ಸಾಕು. ಸಾರಜನಕ ಹೆಚ್ಚಾದರೆ ಎಲೆ ಉದ್ದುದ್ದ ಬೆಳೆದು ಗಿಡದ ಆಕಾರ ಕೆಡುತ್ತದೆ, ಬಣ್ಣವೂ ಮಾಸುತ್ತದೆ.

ಮೊದಲ ಎಚ್ಚರಿಕೆ: ಬೋರ್ಡೋ ದ್ರಾವಣ

ನಮ್ಮ ಬೆಳೆಗಾರರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯಿದು. ಬ್ರೊಮೀಲಿಯಾಡ್‌ಗಳಿಗೆ ತಾಮ್ರ ವಿಷ. ಎಲೆಯಿಂದಲೇ ನೀರು ಹೀರುವ ಗಿಡವಾದ್ದರಿಂದ ಬಟ್ಟಲಿಗೆ ಬಿದ್ದ ತಾಮ್ರ ನೇರವಾಗಿ ಒಳಸೇರುತ್ತದೆ. ಕೊಳೆರೋಗದ ತಡೆಗೆ ಮುಂಗಾರಿನ ಮುನ್ನ ಮತ್ತು ಆಮೇಲೆ 40-45 ದಿನಗಳಿಗೆ ಅಡಿಕೆಗೆ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ. ಕಾಫಿಯ ಎಲೆತುಕ್ಕು ರೋಗಕ್ಕೂ ಇದೇ ದ್ರಾವಣವನ್ನು ಶೇಕಡಾ 0.5ರ ಪ್ರಮಾಣದಲ್ಲಿ ಬಳಸುತ್ತೇವೆ. ಅಂಗಳಕ್ಕೆ ತಾಗಿಯೇ ತೋಟವಿರುವ ಮನೆಗಳಲ್ಲಿ ಗಾಳಿಗೆ ತೇಲಿ ಬರುವ ತುಂತುರು ಕುಂಡಗಳ ಮೇಲೆ ಬೀಳುತ್ತದೆ. ಆಮೇಲೆ ಗಿಡದ ನಡುಭಾಗ ಕಪ್ಪಾಗಿ ಕೊಳೆತರೆ ಅದಕ್ಕೆ ಕಾರಣ ತಿಳಿಯದೆ ಹೋಗಬಹುದು.

ಆದ್ದರಿಂದ ಔಷಧಿ ಹೊಡೆಯುವ ದಿನ ಕುಂಡಗಳನ್ನು ಜಗಲಿಗೆ ಅಥವಾ ಕೊಟ್ಟಿಗೆಯ ಮಾಡಿನ ಕೆಳಗೆ ಸರಿಸಬೇಕು. ದ್ರಾವಣ ಕಲಸಿದ ಡ್ರಮ್, ಬಕೆಟ್ಟುಗಳಿಂದ ಇವಕ್ಕೆ ನೀರು ಹಾಕಲೇಬಾರದು. ತುಂತುರು ಬಿದ್ದಿತೆಂದು ಸಂಶಯವಾದರೆ ಕೂಡಲೇ ಬಟ್ಟಲನ್ನು ಬರಿದು ಮಾಡಿ ಶುದ್ಧ ನೀರಿನಿಂದ ನಾಲ್ಕಾರು ಸಲ ತೊಳೆಯಬೇಕು. ಬುಡ ಕೊಳೆಯುವುದನ್ನು ಕಂಡು ಅಭ್ಯಾಸಬಲದಿಂದ ಬೋರ್ಡೋ ಮುಲಾಮು ಹಚ್ಚುವುದೂ, ಗಿಡವನ್ನು ತಾಮ್ರದ ತಂತಿಯಿಂದ ಕಟ್ಟುವುದೂ ಸಲ್ಲದು.

ಎರಡನೆಯ ಎಚ್ಚರಿಕೆ: ಸೊಳ್ಳೆ

ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಚಿಪ್ಪು, ತೆಂಗಿನ ಗೆರಟೆಗಳಲ್ಲಿ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗಳ ತೊಟ್ಟಿಲೆಂಬುದು ಎಲ್ಲರಿಗೂ ತಿಳಿದಿದೆ. ಬ್ರೊಮೀಲಿಯಾಡ್‌ನ ಬಟ್ಟಲೂ ಅಂಥದೇ ಒಂದು ತೊಟ್ಟಿಲು. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಅವಕಾಶ ಕೊಡುವ ಮನೆಯವರಿಗೂ ದಂಡ ಗೊತ್ತುಮಾಡಿತು. ದಂಡದ ಮಾತು ಹಾಗಿರಲಿ, ಮನೆಮಂದಿಯ ಆರೋಗ್ಯಕ್ಕಿಂತ ಯಾವ ಹೂವೂ ದೊಡ್ಡದಲ್ಲ.

ಮೊಟ್ಟೆ ಒಡೆದು ಮರಿಯಾಗಿ, ಸೊಳ್ಳೆಯಾಗಿ ಹಾರಲು ಬೆಚ್ಚಗಿನ ಹವೆಯಲ್ಲಿ ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ನಾಲ್ಕೈದು ದಿನಗಳಿಗೊಮ್ಮೆ, ತಪ್ಪಿದರೆ ವಾರಕ್ಕೊಮ್ಮೆಯಾದರೂ, ಕುಂಡವನ್ನು ಪೂರ್ತಿ ಬಗ್ಗಿಸಿ ನೀರು ಚೆಲ್ಲಿ, ರಭಸದಿಂದ ಹೊಸ ನೀರು ಹಾಯಿಸಿ ಮತ್ತೆ ಚೆಲ್ಲಬೇಕು. ಎಲೆಗಳ ಕಂಕುಳಲ್ಲಿ ಅಂಟಿದ ಮರಿಹುಳಗಳೂ ಆಗ ಹೊರಬೀಳುತ್ತವೆ. ಮಳೆಗಾಲದಲ್ಲಿ ಇನ್ನೂ ಸುಲಭದ ಉಪಾಯವೆಂದರೆ ಕುಂಡಗಳನ್ನು ಮಾಡಿನ ಕೆಳಗಿಟ್ಟು, ಬಟ್ಟಲನ್ನು ಬರಿದಾಗಿಯೇ ಬಿಟ್ಟು, ಮಿಶ್ರಣ ಒಣಗಿದಾಗ ಬುಡಕ್ಕೆ ಮಾತ್ರ ನೀರು ಹಾಕುವುದು. ಗಾಳಿಯಲ್ಲಿ ತೇವವಿರುವ ಆ ದಿನಗಳಲ್ಲಿ ಗಿಡಕ್ಕೆ ಇದರಿಂದ ತೊಂದರೆಯಿಲ್ಲ, ಕೊಳೆಯ ಭಯವೂ ತಪ್ಪುತ್ತದೆ. ಮರದ ಮೇಲೆ ಕಟ್ಟುವ ಆಸೆಯಿದ್ದವರು ಕೈಗೆಟಕುವ ಎತ್ತರದಲ್ಲೇ ಕಟ್ಟಬೇಕು. ತೊಳೆಯಲಾಗದಷ್ಟು ಗಿಡಗಳನ್ನು ಇಟ್ಟುಕೊಳ್ಳದಿರುವುದೇ ವಿವೇಕ.

ಕೀಟಗಳು

ಹಿಟ್ಟು ತಿಗಣೆ ಮತ್ತು ಶಲ್ಕ ಕೀಟಗಳು ಎಲೆಯ ಬುಡದಲ್ಲಿ ಸೇರುತ್ತವೆ. ಕಾಫಿಯಲ್ಲಿ ಕಾಣುವಂತೆಯೇ ಇಲ್ಲಿಯೂ ಇರುವೆಗಳು ಅವುಗಳ ಕಾವಲುಗಾರರು. ಅನಾನಸಿನಲ್ಲಂತೂ ಹಿಟ್ಟು ತಿಗಣೆಯಿಂದ ಎಲೆ ಕೆಂಪಾಗಿ ಗಿಡ ಸೊರಗುವ ರೋಗ ಹರಡುತ್ತದೆ. ಅಂಥ ಗಿಡದ ಕಂದನ್ನು ಎಂದಿಗೂ ನೆಡಬಾರದು. ಒಂದೆರಡು ಕುಂಡಗಳಾದರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯುವುದೇ ಸಾಕು. ಎಣ್ಣೆ ಬೆರೆತ ಔಷಧಿಗಳು ಎಲೆಯ ಹುರುಪೆಗಳನ್ನು ಮುಚ್ಚಿಬಿಡುವುದರಿಂದ ಅವನ್ನು ಬಳಸದಿರುವುದು ಲೇಸು. ಹೊಸದಾಗಿ ತಂದ ಗಿಡವನ್ನು ಎರಡು ಮೂರು ವಾರ ಬೇರೆಯಾಗಿಟ್ಟು ನೋಡಿದ ಮೇಲೆಯೇ ಉಳಿದವುಗಳ ಜೊತೆ ಸೇರಿಸಬೇಕು.

ಹೂ ಬರಿಸುವುದು

ಬೇರ್ಪಡಿಸಿದ ಮರಿ ಜಾತಿಗೆ ತಕ್ಕಂತೆ ಒಂದರಿಂದ ಮೂರು ವರ್ಷದಲ್ಲಿ ಹೂ ಬಿಡುತ್ತದೆ. ಪೂರ್ಣ ಬೆಳೆದೂ ಹೂ ಬಾರದಿದ್ದರೆ ಒಂದು ಮನೆ ಉಪಾಯವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಜೋರ್ಸ್ ದ್ವೀಪಗಳ ಗಾಜಿನ ಮನೆಗಳಲ್ಲಿ ಹೊಗೆ ತಾಗಿದ ಅನಾನಸು ಗಿಡಗಳು ಒಮ್ಮೆಲೇ ಹೂ ಬಿಟ್ಟವು. ಹೊಗೆಯಲ್ಲಿದ್ದ ಎಥಿಲೀನ್ ಅನಿಲ ಇದಕ್ಕೆ ಕಾರಣವೆಂದು ಮುಂದೆ ತಿಳಿದುಬಂತು. ಅನಾನಸು ಬೆಳೆಗಾರರು ಎಥ್ರೆಲ್ ಬಳಸುವುದು ಇದೇ ತತ್ತ್ವದ ಮೇಲೆ.

ಮಾಗಿದ ಸೇಬು, ಬಾಳೆಹಣ್ಣುಗಳಿಂದಲೂ ಎಥಿಲೀನ್ ಹೊರಬರುತ್ತದೆ. ಬಟ್ಟಲಿನ ನೀರನ್ನು ಚೆಲ್ಲಿ, ಗಿಡದ ಪಕ್ಕ ಒಂದು ಮಾಗಿದ ಹಣ್ಣನ್ನಿಟ್ಟು, ಕುಂಡಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಬಿಸಿಲು ತಾಗದಲ್ಲಿ ಒಂದು ವಾರದಿಂದ ಹತ್ತು ದಿನ ಇಟ್ಟು ತೆಗೆಯಬೇಕು. ಎರಡು ಮೂರು ತಿಂಗಳಲ್ಲಿ ಹೂ ಕಾಣಿಸಿಕೊಳ್ಳುತ್ತದೆ. ಎಳೆಯ ಗಿಡಗಳಿಗೆ ಇದನ್ನು ಮಾಡಬಾರದು. ಬಲವಂತಕ್ಕೆ ಹೂ ಬಿಟ್ಟರೆ ಗೊಂಚಲೂ ಸಣ್ಣದು, ಆಮೇಲೆ ಬರುವ ಮರಿಗಳೂ ಬಡಕಲು.

ಬೀಜದಿಂದ ಬೆಳೆಸುವುದೂ ಸಾಧ್ಯವಿದೆ. ಆದರೆ ಹೂ ಕಾಣಲು ಹಲವು ವರ್ಷ ಕಾಯಬೇಕು. ನರ್ಸರಿಗಳಲ್ಲಿ ದೊರೆಯುವ ಗಿಡಗಳಲ್ಲಿ ಹೆಚ್ಚಿನವು ಮಿಶ್ರತಳಿಗಳಾದ್ದರಿಂದ ಬೀಜದ ಸಸಿ ತಾಯಿಯಂತೆಯೇ ಇರುವ ಭರವಸೆಯಿಲ್ಲ. ಮನೆಮಟ್ಟಕ್ಕೆ ಮರಿಗಳೇ ಸರಿಯಾದ ದಾರಿ.

ಒಂದು ಲೆಕ್ಕ

ಒಂದು ಗಿಡ ಮೂರು ಮರಿ ಕೊಟ್ಟು, ಪ್ರತಿ ಮರಿ ಬೆಳೆದು ಹೂಬಿಟ್ಟು ತನ್ನ ಮರಿಗಳನ್ನು ಕೊಡಲು ಎರಡು ಮೂರು ವರ್ಷ ಹಿಡಿಯಿತೆಂದು ಇಟ್ಟುಕೊಳ್ಳೋಣ. ಒಂದು ಮೂರಾಗಿ, ಮೂರು ಒಂಬತ್ತಾಗಿ, ಒಂಬತ್ತು ಇಪ್ಪತ್ತೇಳಾಗುತ್ತದೆ. ನಡುವೆ ಮೂರರಲ್ಲಿ ಒಂದು ಕೆಟ್ಟುಹೋದರೂ ಮೂರನೆಯ ತಲೆಗೆ ಎಂಟು ಗಿಡ ಉಳಿಯುತ್ತವೆ. ಮೊದಲು ಕೊಟ್ಟ ದುಡ್ಡು ಒಂದೇ ಗಿಡದ್ದು. ತೆಂಗಿನ ಮಟ್ಟೆ, ಇದ್ದಿಲು, ಎಲೆಗೊಬ್ಬರ, ಮಳೆನೀರು, ನೆರಳು ಎಲ್ಲವೂ ತೋಟದಲ್ಲೇ ಇರುವಂಥವು. ಮನೆಯ ಹೆಣ್ಣುಮಕ್ಕಳು ಬಿಡುವಿನ ವೇಳೆಯಲ್ಲಿ ಈ ಕೆಲಸ ಮಾಡಬಹುದು. ಹೆಚ್ಚಾದ ಗಿಡಗಳನ್ನು ಹತ್ತಿರದ ಪೇಟೆಯಲ್ಲಿ ಮಾರಿದರೆ ಅವರ ಕೈಗೆ ನಾಲ್ಕು ಕಾಸೂ ಸೇರುತ್ತದೆ. ಇದು ಅಡಿಕೆ, ಕಾಫಿಗೆ ಬದಲಿಯಾಗುವ ಬೆಳೆಯೆಂದು ನಾವು ಹೇಳುವುದಿಲ್ಲ. ಮಾರುಕಟ್ಟೆ ವಿಚಾರಿಸದೆ ನೂರಾರು ಕುಂಡ ಮಾಡಿ ಕೈಸುಟ್ಟುಕೊಳ್ಳುವುದೂ ಬೇಡ.

ನೆನಪಿಡಬೇಕಾದ ಅಂಶಗಳು

1. ಹೂ ಮುಗಿದ ಗಿಡವನ್ನು ಎಸೆಯಬೇಡಿರಿ. ದಂಟನ್ನು ಮಾತ್ರ ಕತ್ತರಿಸಿ ಒಂದು ವರ್ಷ ಉಳಿಸಿಕೊಳ್ಳಿರಿ.
2. ಮರಿ ತಾಯಿಯ ಮೂರನೆಯ ಒಂದು ಭಾಗದಿಂದ ಅರ್ಧದಷ್ಟಾದ ಮೇಲೆ, ಗಟ್ಟಿ ಬುಡದೊಡನೆ ಕತ್ತರಿಸಿರಿ.
3. ಗಾಯ ಒಣಗಿದ ಮೇಲೆ, ಸಡಿಲ ಮಿಶ್ರಣದಲ್ಲಿ, ಮೇಲುಮೇಲೆ ನೆಟ್ಟು ಅಲುಗದಂತೆ ಕಟ್ಟಿರಿ.
4. ಬೋರ್ಡೋ ದ್ರಾವಣದ ತುಂತುರು ತಾಗದಂತೆ ನೋಡಿಕೊಳ್ಳಿರಿ.
5. ವಾರಕ್ಕೊಮ್ಮೆ ತಪ್ಪದೆ ಬಟ್ಟಲಿನ ನೀರು ಚೆಲ್ಲಿ ತೊಳೆಯಿರಿ.

ಈ ಗಿಡಗಳನ್ನು ಈಗಾಗಲೇ ಬೆಳೆಸುತ್ತಿರುವ ಸದಸ್ಯರು, ತಮ್ಮಲ್ಲಿರುವ ಜಾತಿ ಯಾವುದು, ಒಂದು ತಾಯಿಗಿಡದಿಂದ ಎಷ್ಟು ಮರಿ ದಕ್ಕಿತು, ಮಳೆಗಾಲದಲ್ಲಿ ಹೇಗೆ ಉಳಿಸಿಕೊಂಡಿರಿ ಎಂಬುದನ್ನು ಪತ್ರಿಕೆಗೆ ಬರೆದು ಕಳುಹಿಸಬೇಕಾಗಿ ಕೋರುತ್ತೇವೆ. ಹೆಚ್ಚಾದ ಮರಿಗಳನ್ನು ಸದಸ್ಯರು ತಮ್ಮತಮ್ಮಲ್ಲೇ ಹಂಚಿಕೊಂಡರೆ ಒಬ್ಬರ ಅಂಗಳದಲ್ಲಿ ಇಲ್ಲದ ಜಾತಿ ಇನ್ನೊಬ್ಬರಿಂದ ಬರುತ್ತದೆ. ಕೊಡುವಾಗ ಗಿಡದ ಹೆಸರು ಮತ್ತು ಬೇರ್ಪಡಿಸಿದ ತಿಂಗಳನ್ನು ಒಂದು ಚೀಟಿಯಲ್ಲಿ ಬರೆದು ಕಟ್ಟಿಕೊಟ್ಟರೆ ಪಡೆದವರಿಗೆ ಅನುಕೂಲ.